ಗೊರಸಿನ ಹೆಪ್ಪು

ಮೊದಲೇ ಕ್ಷಮೆ ಕೇಳಿಕೊಳ್ಳಬೇಕು. ಇದು ಹೇಳಬಾರದಂಥ ಹೊಲಸು ವಿಷಯ. ಅದರಲ್ಲೂ ಅರ್ಧ ತಿಳಿದು ಅರ್ಧ ತಿಳಿಯದೆ ಹೇಳಲು ಹೊರಡುವುದು ಇನ್ನೂ ದೊಡ್ಡ ತಪ್ಪು. ಸೂಕ್ಷ್ಮಾಣುಗಳನ್ನು ಚೆನ್ನಾಗಿ ಬಲ್ಲವರು ಓದಿದರೆ ಎಲ್ಲಿ ಎಡವಿದೆ ಎಂಬುದನ್ನು ತಟ್ಟನೆ ಹಿಡಿದಾರು. ಅವರು ತಿದ್ದಿದರೆ ಸಂತೋಷವೇ. ತಟ್ಟೆ ಮುಂದಿಟ್ಟುಕೊಂಡು ಓದುವ ಅಭ್ಯಾಸದವರು ಮಾತ್ರ ದಯವಿಟ್ಟು ಊಟ ಮುಗಿಸಿ, ಕೈ ತೊಳೆದು ಬರಲಿ. ತಟ್ಟೆಯಲ್ಲಿ ಮೊಸರನ್ನವಿದ್ದರಂತೂ ಖಂಡಿತ.

ಹುಲಿಗೆಮ್ಮಳ ಕೆಲಸ ಗೊರಸು ಬೇಯಿಸುವುದು.

ಕಲ್ಲೋಡಿಯ ಕುರಿ ರೋಗ ಪ್ರಯೋಗಾಲಯದ ಹಿಂದೆ ತಗಡಿನ ಶೆಡ್ಡೊಂದಿತ್ತು. ಎಲ್ಲರೂ ಅದನ್ನು ಅಡುಗೆಮನೆ ಎಂದು ನಗುತ್ತಿದ್ದರು, ಒಳಗೆ ಮಾತ್ರ ಯಾರೂ ಬರುತ್ತಿರಲಿಲ್ಲ. ಕಸಾಯಿಖಾನೆಯಿಂದ ಮೂಟೆಯಲ್ಲಿ ಬಂದ ಕುರಿಗೊರಸುಗಳಿಗೆ ಕೂದಲು, ಒಣಗಿದ ರಕ್ತ, ಹಿಕ್ಕೆ ಎಲ್ಲ ಅಂಟಿಕೊಂಡಿರುತ್ತಿದ್ದವು. ಅವನ್ನು ಕೆರೆದು, ಒಣಗಿಸಿ, ಯಂತ್ರಕ್ಕೆ ಹಾಕಿ ಹಿಟ್ಟು ಮಾಡಿ, ಆ ಹಿಟ್ಟನ್ನು ನೀರಿನಲ್ಲಿ ಕುದಿಸಿ ಗಂಜಿ ಕಾಯಿಸಬೇಕು. ಸುಟ್ಟ ಕೂದಲಿನ ಕಮಟು, ಹಳಸಿದ ಸಾರಿನ ಹುಳಿ, ಅದರ ಕೆಳಗೆ ಹೆಸರಿಡಲಾಗದ ಇನ್ನೊಂದು ಸಿಹಿ ವಾಸನೆ. ಆ ಸಿಹಿಯೇ ಅವಳಿಗೆ ಹೆಚ್ಚು ಹೇಸಿಗೆ. ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದರೂ ಜಡೆಯೊಳಗೆ ಉಳಿಯುತ್ತಿತ್ತು. ಸಂಜೆಯ ಬಸ್ಸಿನಲ್ಲಿ ನಿಲ್ಲಲು ಜಾಗವಿಲ್ಲದಿದ್ದಾಗಲೂ ಅವಳ ಪಕ್ಕದ ಸೀಟು ಖಾಲಿ ಇರುತ್ತಿತ್ತು.

ಹಗಲು ಹೊಲದ ಕೆಲಸ ಮಾಡಿ, ಸಂಜೆ ಕಾಲೇಜಿನಲ್ಲಿ ಲ್ಯಾಬ್ ತಂತ್ರಜ್ಞರ ಕೋರ್ಸು ಮುಗಿಸಿದವಳು ಅವಳು. ಬಿಳಿ ಕೋಟು, ಗಾಜಿನ ನಳಿಗೆ, ತಂಪು ಕೋಣೆ ಎಂದೆಲ್ಲ ಎಣಿಸಿದ್ದಳು. ಬಿಳಿ ಕೋಟು ಸಿಕ್ಕಿತ್ತು. ಅದು ಬಿಳಿಯಾಗಿ ಉಳಿದಿರಲಿಲ್ಲ.

ಗೊರಸು ಯಾಕೆ ಬೇಯಿಸಬೇಕು ಎಂಬುದನ್ನು ಹೇಳಬೇಕು. ಕಾಲುವೆ ಬರುವ ಮೊದಲು ಆ ಸೀಮೆಯಲ್ಲಿ ಕುರಿಯ ಕಾಲಿಗೆ ಒದ್ದೆ ಎಂಬುದೇ ಗೊತ್ತಿರಲಿಲ್ಲ. ಕಾಲುವೆ ಬಂತು, ಹೊಲ ವರ್ಷವಿಡೀ ಹಸಿಯಾಯಿತು, ಗೊರಸಿನ ಸಂದಿಯಲ್ಲಿ ಕೆಸರು ನಿಂತಿತು. ಕೆಸರಿನ ಬೆನ್ನಿಗೆ ಗೊರಸುಕೊಳೆ ರೋಗ ಬಂತು. ಅದನ್ನು ತರುವ ಬ್ಯಾಕ್ಟೀರಿಯಾ ಗಾಳಿ ತಾಗಿದರೆ ಸಾಯುವ ನಾಜೂಕಿನದು. ಗೊರಸಿನ ಸಂದಿಯ ಕತ್ತಲಲ್ಲಿ ಕುಳಿತರೆ ಮಾತ್ರ ರಾಕ್ಷಸ. ತನ್ನ ಮೈಯಿಂದ ಒಂದು ರಸ ಬಿಟ್ಟು ಗೊರಸನ್ನು ಕರಗಿಸುತ್ತದೆ, ಕರಗಿದ್ದನ್ನು ಉಣ್ಣುತ್ತದೆ. ಲ್ಯಾಬಿನಲ್ಲಿ ಬೆಳೆಸಬೇಕೆಂದರೂ ಅದಕ್ಕೆ ಗೊರಸಿನ ಗಂಜಿಯೇ ಬೇಕು.

ಆದರೆ ಆ ಬ್ಯಾಕ್ಟೀರಿಯಾದ ಎಲ್ಲ ತಳಿಗಳೂ ಒಂದೇ ಅಲ್ಲ. ಕೆಲವು ತಳಿಗಳ ರಸ ಸಪ್ಪೆ. ಗೊರಸಿನ ಸಂದಿ ತುಸು ಕೆಂಪಾಗಿಸಿ ಸುಮ್ಮನಿರುತ್ತವೆ. ಆ ಸಪ್ಪೆತನಕ್ಕೂ ರಾಕ್ಷಸತನಕ್ಕೂ ನಡುವೆ ಇರುವುದು ಒಂದೇ ಜೀನು, ಅದರಲ್ಲೂ ಕೆಲವೇ ಅಕ್ಷರ. ಹಾಗಾದರೆ ಸಪ್ಪೆ ತಳಿಯನ್ನೇ ಬೇಕೆಂದು ಕುರಿಯ ಗೊರಸಿನಲ್ಲಿ ಕೂರಿಸಿದರೆ? ಜಾಗವೆಲ್ಲ ಅದರದ್ದೇ ಆದ ಮೇಲೆ ದುಷ್ಟ ತಳಿ ಬಂದು ಎಲ್ಲಿ ಕೂತೀತು? ಈ ಒಂದು ಯೋಚನೆಯಿಂದ ಕಲ್ಲೋಡಿಯ ಪ್ರಯೋಗಾಲಯ ಹುಟ್ಟಿತು. ಸಪ್ಪೆ ತಳಿಗೆ 'ಸಾಧು' ಎಂದು ಹೆಸರಿಟ್ಟರು. ತಾಯಿ ಬಾಟಲಿ ಎಂಬ ಒಂದು ಬಾಟಲಿಯಲ್ಲಿ ಮೂಲ ಸಾಧುವನ್ನು ಕಾದಿಟ್ಟು, ಅದರಿಂದ ಗಂಜಿಯಲ್ಲಿ ಬೆಳೆಸಿ, ಚೀಲಗಳಿಗೆ ತುಂಬಿ ಕುರಿಗಾರರಿಗೆ ಹಂಚಿದರು. ಚೀಲವನ್ನು ತೊಟ್ಟಿಗೆ ಸುರಿದು ಕುರಿಗಳನ್ನು ಅದರಲ್ಲಿ ಹಾಯಿಸಿದರೆ ಮುಗಿಯಿತು.

ಪ್ರತಿ ಹಿಂಡಿನ ಮುಂದಾಳು ಕುರಿಯ ಕಿವಿಗೆ ಒಂದು ಓಲೆ. ಓಲೆಯಲ್ಲಿ ಜೋಳದ ಕಾಳಿನಷ್ಟು ದೀಪ. ಲ್ಯಾಬಿನ ತಳಿಯಂತ್ರ ಗೊರಸಿನ ಕೆಸರನ್ನು ಓದಿ ಸಾಧು ಎಂದರೆ, ಎಲ್ಲೋ ಮೇಯುತ್ತಿರುವ ಆ ಕುರಿಯ ಕಿವಿಯಲ್ಲಿ ಹಸಿರು ಹತ್ತುತ್ತಿತ್ತು. ಅಲ್ಲ ಎಂದರೆ ಕೆಂಪು. ಹಸಿರು ಇದ್ದರೆ ರೈತ ತನ್ನ ಹೊಲದಲ್ಲಿ ಕುರಿ ನಿಲ್ಲಿಸಲು ಕರೆಯುತ್ತಿದ್ದ, ಗೊಬ್ಬರಕ್ಕೆ ಬದಲಾಗಿ ಜೋಳ ಕೊಡುತ್ತಿದ್ದ. ಕೆಂಪು ಇದ್ದರೆ ಕಲ್ಲುಗುಡ್ಡವೇ ಗತಿ, ಕೊನೆಗೆ ಕಸಾಯಿಖಾನೆ. ಕುರಿಯ ಕಾಲು ಎತ್ತಿ ನೋಡುವ ಪದ್ಧತಿಯೇ ನಿಂತುಹೋಗಿತ್ತು. ಎಲ್ಲರೂ ಕಿವಿ ನೋಡುತ್ತಿದ್ದರು. ಅದು ಸ್ವಚ್ಛ ಕೆಲಸ.

ಚೀಲಗಳು ಮಾತ್ರ ಎಂದೂ ಸಾಲುತ್ತಿರಲಿಲ್ಲ. ಆ ಕೊರತೆ ನೀಗಿಸಿದವಳು ಹುಲಿಗೆಮ್ಮಳ ಅತ್ತೆ ಬಾಳವ್ವ.

ಮಗ, ಎಂದರೆ ಹುಲಿಗೆಮ್ಮಳ ಗಂಡ ಮುದಕಪ್ಪ, ತಂದ ಚೀಲವನ್ನು ತೊಟ್ಟಿಗೆ ಸುರಿಯುವ ಮೊದಲು ಬಾಳವ್ವ ಒಂದು ಲೋಟದಷ್ಟು ಎತ್ತಿಟ್ಟುಕೊಂಡಿದ್ದಳು. ಜೀವ ಇರುವ ಹುಳಿ ಎಂದರೆ ಅವಳಿಗೆ ತಿಳಿದದ್ದು ಒಂದೇ: ಹೆಪ್ಪು. ನಿನ್ನೆಯ ಮೊಸರಿನ ಒಂದು ಚಮಚ ನಾಳೆಯ ಗಡಿಗೆಯಾಗುತ್ತದೆ. ಹಾಲಿಗೆ ಬದಲಾಗಿ ಇದಕ್ಕೆ ಗೊರಸಿನ ಗಂಜಿ ಬೇಕು, ಅಷ್ಟೇ ತಾನೆ? ಕುರಿದಡ್ಡಿಯ ಮೂಲೆಯಲ್ಲಿ ಒಂದು ಗಡಿಗೆ ಹೂತು, ಗಾಳಿ ಹೋಗದಂತೆ ಬಾಯಿಗೆ ಗೋಧಿ ಹಿಟ್ಟು ಮೆತ್ತಿ, ಮೇಲೆ ಸಗಣಿ ಸಾರಿಸಿದಳು. ಲ್ಯಾಬಿನವರು ಉಕ್ಕಿನ ಪೀಪಾಯಿಯಲ್ಲಿ ಮಾಡಿದ್ದು ಅವಳ ಮಣ್ಣಿನ ಗಡಿಗೆಯಲ್ಲೂ ಆಯಿತು. ಹುಲಿಗೆಮ್ಮ ಕದ್ದು ಒಂದು ಹನಿ ಒಯ್ದು ಯಂತ್ರಕ್ಕೆ ತೋರಿಸಿದಾಗ ಅದು ಸಾಧು ಎಂದೇ ಹೇಳಿತ್ತು. ತಪ್ಪೋ ಸರಿಯೋ ತಿಳಿಯದೆ ಅವಳು ಸುಮ್ಮನಾಗಿದ್ದಳು. ಸುಮ್ಮನಿರುವುದು ಸುಲಭವಾಗಿತ್ತು, ಯಾಕೆಂದರೆ ಕುರಿಗಳು ಕುಂಟುವುದು ನಿಂತಿತ್ತು.

ಊರ ಹೆಂಗಸರು ತಂಬಿಗೆ ಹಿಡಿದು ಬಾಗಿಲಿಗೆ ಬರತೊಡಗಿದರು.

"ಏನಬೇ ಬಾಳಕ್ಕಾ, ಹೆಪ್ಪು ಬಂದೈತೇನ?" ನೀಲವ್ವ ಸೆರಗಿನಿಂದ ಮೂಗು ಒತ್ತಿಕೊಂಡು ಹೊಸ್ತಿಲಾಚೆ ನಿಂತಿದ್ದಳು. ಅವಳ ಗಂಡನದೂ ದೊಡ್ಡ ಹಿಂಡು.

"ಮೂಗು ಮುಚ್ಚಿಗೊಂಡು ಕೇಳಿದ್ರ ಕೊಡೂದಿಲ್ಲ. ಮೂಗು ಬಿಟ್ಟು ಕೇಳು."

"ಮೂಗು ಬಿಟ್ರ ಮುಂಜಾನಿ ತಿಂದ ರೊಟ್ಟಿ ಹೊರಗ ಬರತೈತಿ ನೋಡು."

"ಬರ್ಲೇಳು. ನಾಯಿ ಕಾಯಾಕತ್ತೈತಿ."

ಬಾಳವ್ವ ನಗುತ್ತ ದಡ್ಡಿಗೆ ಹೋಗಿ ಗಡಿಗೆಯ ಬಾಯಿಯ ಹಿಟ್ಟು ಒಡೆದಳು. ಗಡಿಗೆಯಿಂದ ಎದ್ದ ನಾತಕ್ಕೆ ಅಂಗಳದ ಕೋಳಿಗಳು ಕೂಡ ದೂರ ಸರಿದವು. ಒಳಗೆ ಬೂದು ಬಣ್ಣದ ಲೋಳೆ, ಮೇಲೆ ಜಿಡ್ಡಿನ ಕೆನೆ, ಗುಳುಗುಳು ಏಳುವ ಗುಳ್ಳೆ. ಅವಳು ಸೌಟಿನಿಂದ ಕೆನೆ ಸರಿಸಿ, ಕೆಳಗಿನದನ್ನು ನೀಲವ್ವನ ತಂಬಿಗೆಗೆ ಬಗ್ಗಿಸಿದಳು. ನೂಲಿನಂತೆ ಎಳೆ ಹಿಡಿದುಕೊಂಡು ಇಳಿಯಿತು. ಹುಲಿಗೆಮ್ಮ ಮನೆಯ ಹಿಂಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅದೇ ಕೈಯಿಂದ, ಅಂಥದೇ ಸೌಟಿನಿಂದ, ಅತ್ತೆ ಮನೆಯ ಮೊಸರನ್ನೂ ಬಡಿಸುತ್ತಾಳೆ. ಕೈ ತೊಳೆಯುತ್ತಾಳೆ, ಸೌಟು ಬೇರೆ, ಎಲ್ಲ ಗೊತ್ತು. ಆದರೂ ಆ ವರ್ಷ ಹುಲಿಗೆಮ್ಮ ಮೊಸರು ಬಿಟ್ಟಳು.

"ದಿನಾ ಗೊರಸು ಕುದಿಸಾಕಿ ನೀನು. ನಿನಗ್ಯಾಕಬೇ ಇಷ್ಟು ಹೇಸಿಗಿ?" ಎಂದು ಬಾಳವ್ವ ಹಂಗಿಸುತ್ತಿದ್ದಳು.

"ದಿನಾ ಕುದಿಸ್ತೀನಿ, ಅದಕ್ಕ ರೀ ಅತ್ತಿ."

ಹೀಗಿರುವಾಗ ಒಂದು ಮಧ್ಯಾಹ್ನ ಯಮನೂರಿ ಎಂಬ ಕುರಿಗಾರ ಒಂದು ಕುರಿಯನ್ನು ಹೆಗಲ ಮೇಲೆ ಹೊತ್ತು ಲ್ಯಾಬಿಗೆ ಬಂದ. ಮುಖ್ಯಸ್ಥ ಡಾಕ್ಟರ್ ನದಾಫ್ ಜಿಲ್ಲಾ ಸಭೆಗೆ ಹೋಗಿದ್ದರು. ಯಮನೂರಿ ಕುರಿಯನ್ನು ಮೇಜಿನ ಮೇಲೆ ಇಳಿಸಿದ. ಅದರ ಕಿವಿಯಲ್ಲಿ ಹಸಿರು ದೀಪ ಮಿನುಗುತ್ತಿತ್ತು.

"ಹಸರು ದೀಪ ಹಚ್ಚಿಗೊಂಡು ಕೊಳ್ಯಾಕತ್ತೈತಿ ನೋಡ್ರಿ ಮೇಡಂ. ಛಲೋ ಐತಿ ನಿಮ್ಮ ಸಾಧು."

ಹುಲಿಗೆಮ್ಮ ಕೈಗವಸು ತೊಟ್ಟು ಮುಂಗಾಲು ಹಿಡಿದಳು. ಬೆರಳು ಒತ್ತಿದ್ದೇ ತಡ, ಗೊರಸಿನ ಚಿಪ್ಪು ಬೇಯಿಸಿದ ಗೆಣಸಿನ ಸಿಪ್ಪೆಯಂತೆ ಜಾರಿ ಅವಳ ಅಂಗೈಗೆ ಬಂತು. ಅದರ ಕೆಳಗೆ ಮಾಂಸವಿರಲಿಲ್ಲ. ಬೂದು ಬಣ್ಣದ ಗಿಣ್ಣಿನಂಥದು ಇತ್ತು. ಅದರೊಳಗೆ ಅಕ್ಕಿಕಾಳಿನಂಥ ಹುಳುಗಳು ಬೆಳಕಿಗೆ ಹೆದರಿ ಒಳಗೊಳಗೆ ನುಗ್ಗುತ್ತಿದ್ದವು. ಮತ್ತೆ ಅದೇ ಸಿಹಿ ವಾಸನೆ. ಅವಳಿಗೆ ಬೇಸಿನ್ನಿನ ತನಕ ಹೋಗಲಾಗಲಿಲ್ಲ.

"ಲ್ಯಾಬಿನಾಕಿನs ವಾಂತಿ ಮಾಡ್ಕೊಂಡ್ರ ನಾವೇನ್ ಮಾಡೂಣ್ರಿ?" ಎಂದ ಯಮನೂರಿ. ಗೇಲಿಯಾಗಿ ಶುರುವಾದ ಮಾತು ಕೊನೆಗೆ ಹಾಗಿರಲಿಲ್ಲ. ಅವನು ಕುರಿಯ ತಲೆಯನ್ನು ಕಂಬಳಿಯಿಂದ ಮುಚ್ಚಿ ಹಿಡಿದಿದ್ದ, ಅದು ತನ್ನ ಕಾಲನ್ನು ತಾನೇ ನೋಡಬಾರದು ಎನ್ನುವಂತೆ.

ಬಾಯಿ ತೊಳೆದುಕೊಂಡು ಬಂದು ಅವಳು ಆ ಗೊರಸಿನ ಕೆಸರನ್ನು ತಳಿಯಂತ್ರಕ್ಕಿಟ್ಟಳು. ದಿನದ ಪರೀಕ್ಷೆ ವಂಶವನ್ನಷ್ಟೇ ಓದುತ್ತಿತ್ತು. ವಂಶ ಸಾಧು ಎಂದು ಬಂತು. ದುಷ್ಟ ಜೀನು ಇದೆಯೇ ಎಂದು ನೋಡಲು ಯಂತ್ರಕ್ಕೆ ಬೇರೆ ಪರೀಕ್ಷಾಪಟ್ಟಿ ಹಾಕಬೇಕು. ಸಾಧು ಎಂದು ಗೊತ್ತಾದ ಮೇಲೆ ಅದನ್ನು ಯಾರೂ ಹಾಕುತ್ತಿರಲಿಲ್ಲ. ಅತ್ತೆಯ ಗಡಿಗೆಯ ಹನಿಗೂ ಅವಳು ಹಾಕಿರಲಿಲ್ಲ. ಈಗ ಹಾಕಿದಳು. ಪರದೆಯ ಮೇಲೆ ಎರಡು ಸಾಲು ಬಂದವು. ವಂಶ: ಸಾಧು. ದುಷ್ಟ ಜೀನು: ಇದೆ.

ಯಮನೂರಿ ಹೋದ ಮೇಲೆ ಅವಳಿಗೆ ಲ್ಯಾಬಿನ ಪ್ರತಿಯೊಂದು ವಸ್ತುವೂ ತೇವವಾಗಿ, ಜಿಡ್ಡಾಗಿ ಕಂಡಿತು. ತನ್ನ ಅಂಗೈಯಲ್ಲಿ ಆ ಚಿಪ್ಪು ಇನ್ನೂ ಇದೆ ಎನಿಸಿತು. ಮೇಜು ತೊಳೆದಳು, ನೆಲ ತೊಳೆದಳು. ಬೆಳೆಸುತ್ತಿದ್ದ ಪೀಪಾಯಿ, ಉಳಿದ ಚೀಲಗಳು, ತೆರೆದ ಬಾಟಲಿಗಳು ಎಲ್ಲವನ್ನೂ ಒತ್ತಡದ ಹಬೆಯ ಪಾತ್ರೆಗೆ ತುಂಬಿ ಬೇಯಿಸಿದಳು. ಕೊಳೆ ಕಂಡಾಗ ಕೊಲ್ಲಬೇಕು ಎಂದು ಕೋರ್ಸಿನಲ್ಲಿ ಕಲಿಸಿದ್ದರು. ಸಂಜೆ ಬಸ್ಸು ಹತ್ತುವಾಗ, ಹೆದರಿಕೆಯ ನಡುವೆಯೂ, ಒಂದು ಕೆಲಸವನ್ನಾದರೂ ನೆಟ್ಟಗೆ ಮಾಡಿದೆ ಎಂಬ ಸಮಾಧಾನವಿತ್ತು.

ಮರುದಿನ ಡಾಕ್ಟರ್ ನದಾಫ್ ಬಂದವರೇ ಪರದೆಯ ಎರಡು ಸಾಲನ್ನು ಬಹಳ ಹೊತ್ತು ನೋಡಿದರು. ಅವರು ಮೆತ್ತಗೆ ಮಾತಾಡುವ ಮನುಷ್ಯ, ವಿಷಯ ಕೆಟ್ಟಷ್ಟೂ ಇನ್ನೂ ಮೆತ್ತಗೆ.

"ಸಾಧು ಕೆಟ್ಟೈತಿ ಹುಲಿಗೆಮ್ಮ. ತಾನs ಕೆಟ್ಟಿಲ್ಲ, ಏನೋ ತಿಂದು ಕೆಟ್ಟೈತಿ."

"ತಿಂದು ಅಂದ್ರ ಸರ್?"

"ಈ ಬ್ಯಾಕ್ಟೀರಿಯಾಕ್ಕ ಒಂದು ಹೊಲಸು ಚಟ. ಸುತ್ತಮುತ್ತ ಸತ್ತು ಬಿದ್ದ ತನ್ನ ಜಾತಿಯವರ ಜೀನಿನ ಚೂರು ಸಿಕ್ರ, ಒಳಗ ಎಳ್ಕೊತೈತಿ. ಎಳ್ಕೊಂಡು ತನ್ನ ಮೈಯಾಗ ಹೊಲ್ಕೊತೈತಿ. ಸತ್ತ ದುಷ್ಟನ ಅಂಗಿ ಜೀವಂತ ಸಾಧು ಹಾಕ್ಕೊಂಡಂಗ."

"ಅಂದ್ರ, ಎಲ್ಲೋ ಒಂದು ಕಡಿ ಸತ್ತ ದುಷ್ಟ, ಬದುಕಿದ ಸಾಧು ಒಂದs ಪಾತ್ರಿಯೊಳಗ..."

"ಹೂಂ. ಎಲ್ಲಿ ಅಂತ ಹುಡುಕಬೇಕು. ತಾಯಿ ಬಾಟಲಿ ತರ್ರಿ, ಅಲ್ಲಿಂದ ಶುರು ಮಾಡೂಣ. ಅದನ್ನ ಪಟ್ಟಿ ಹಾಕಿ ನೋಡಿ ಎಷ್ಟು ವರ್ಷಾತು, ಯಾರಿಗೆ ಗೊತ್ತು."

"ನಿನ್ನೆ ಎಲ್ಲಾ ಬೇಯಿಸಿಬಿಟ್ಟೆ ಸರ್. ತಾಯಿ ಬಾಟಲಿನೂ ತೆರದಿತ್ತು."

ನದಾಫರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನಿಸಿತು.

ಸುತ್ತಲಿನ ಹಿಂಡುಗಳಿಂದ ಗೊರಸಿನ ಕೆಸರು ತರಿಸಿ ಒಂದೊಂದಾಗಿ ಓದಿಸಿದರು. ತಳಿಗಳ ಒಳಗೂ ಸಣ್ಣಪುಟ್ಟ ವ್ಯತ್ಯಾಸಗಳಿರುತ್ತವೆ. ಒಂದು ಭಜನೆಯ ಪದವನ್ನು ಊರಿಂದೂರಿಗೆ ಹಾಡುತ್ತ ಹೋದಂತೆ ಒಬ್ಬ ಒಂದು ಮಾತು ಬದಲಿಸುತ್ತಾನೆ, ಅವನಿಂದ ಕಲಿತವರೆಲ್ಲ ಆ ಬದಲಾದ ಮಾತನ್ನೇ ಹಾಡುತ್ತಾರೆ. ಹಾಡು ಕೇಳಿದರೆ ಯಾರು ಯಾರ ಬಳಿ ಕಲಿತರು ಎಂದು ಹೇಳಬಹುದು. ಯಂತ್ರ ಹಾಗೆಯೇ ಕೇಳಿ ಒಂದು ಮರ ಬರೆಯಿತು. ಕೆಟ್ಟ ಸಾಧು ಎಲ್ಲ ಒಂದೇ ಕೊಂಬೆಯಲ್ಲಿತ್ತು. ಒಂದೇ ಕಡೆ ಒಂದೇ ಮಾತು ಬದಲಾಗಿತ್ತು. ಆ ಕೊಂಬೆಯ ಎಲೆಗಳ ಮೇಲೆ ಹಿಂಡಿನ ಒಡೆಯರ ಹೆಸರಿತ್ತು. ನೀಲವ್ವನ ಮನೆಯದು, ಯಮನೂರಿಯದು, ಗುಡ್ಡದೋಣಿಯ ಅಣ್ಣತಮ್ಮಂದಿರದು, ಮುದಕಪ್ಪನದು. ತನ್ನ ಗಂಡನ ಹೆಸರು ಓದಿ ಹುಲಿಗೆಮ್ಮ ಮಿಕ್ಕವನ್ನು ಮತ್ತೊಮ್ಮೆ ಓದಿದಳು. ಎಲ್ಲರೂ ತನ್ನ ಮನೆಯ ಬಾಗಿಲಿಗೆ ತಂಬಿಗೆ ತಂದವರು.

ಮನೆಗೆ ಬಂದವಳೇ ಕೋಟು ಸಹ ಕಳಚದೆ ದಡ್ಡಿಗೆ ಹೋಗಿ ಗಡಿಗೆಯ ಮುಂದೆ ಕುಳಿತಳು. ಬಾಳವ್ವ ಕುರಿಮರಿಗೆ ಸೊಪ್ಪು ಕಟ್ಟುತ್ತಿದ್ದಳು.

"ಬಾಯಿ ಒಡಿಬ್ಯಾಡ, ಇವತ್ತs ಹೆಪ್ಪು ಹಾಕೀನಿ."

"ಅತ್ತಿ, ಇದರೊಳಗ ಉಣ್ಣಾಕ ಏನ್ ಹಾಕ್ತೀರಿ?"

"ಏನ್ ಹಾಕ್ತಾರ? ಗೊರಸಿನ ಹಿಟ್ಟು."

"ಎಲ್ಲಿಂದ?"

ಬಾಳವ್ವ ಸೊಪ್ಪಿನ ಕಟ್ಟು ಬಿಟ್ಟು ತಿರುಗಿದಳು. "ನೀನs ತರ್ತೀಯಲ್ಲಬೇ. ಕರಿಬೇವಿನ ಗಿಡಕ್ಕ ಅಂತ."

ಲ್ಯಾಬಿನಲ್ಲಿ ಮಿಕ್ಕ ಗೊರಸಿನ ಹಿಟ್ಟನ್ನು ಕೈಚೀಲದಲ್ಲಿ ತಂದು ಹಿತ್ತಲ ಗಿಡಕ್ಕೆ ಹಾಕುತ್ತಿದ್ದವಳು ಹುಲಿಗೆಮ್ಮಳೇ. ಅದು ಕಸಾಯಿಖಾನೆಯ ಗೊರಸು. ಕಸಾಯಿಖಾನೆಗೆ ಹೋಗುವುದು ಕೆಂಪು ದೀಪದ ಕುರಿ. ದುಷ್ಟ ತಳಿ ತಿಂದು ಬಿಟ್ಟ ಗೊರಸನ್ನೇ ಅವಳು ಒಣಗಿಸಿ, ಬೀಸಿ, ಸ್ವಚ್ಛವಾಯಿತೆಂದು ನಂಬಿ ಮನೆಗೆ ತಂದಿದ್ದಳು. ಗಾಳಿಗೆ ಒಣಗಿಸಿದರೂ ಕುದಿಸಿದರೂ ಬ್ಯಾಕ್ಟೀರಿಯಾ ಸಾಯುತ್ತದೆ. ಅದರ ಜೀನಿನ ಚೂರುಗಳು ಹಿಟ್ಟಿನಲ್ಲಿ ಹಾಗೇ ಇರುತ್ತವೆ.

"ಗಡಿಗಿಯೊಳಗ ಕೆಟ್ಟೈತಿ ಅತ್ತಿ. ಎಲ್ಲಾರ ಕುರಿಗೂ ಇಲ್ಲಿಂದನs ಹೋಗೈತಿ."

"ನನ್ನ ಗಡಿಗಿ ಕೆಟ್ಟಿಲ್ಲ." ಬಾಳವ್ವ ಎದ್ದು ಬಂದು ಗಡಿಗೆಯ ಪಕ್ಕ ನಿಂತಳು. "ಐವತ್ತು ವರ್ಷ ಹೆಪ್ಪು ಹಾಕೀನಿ, ಒಂದು ದಿನ ಮೊಸರು ಲೋಳಿ ಆಗಿಲ್ಲ. ಯಾರ ಮುಂದರ ಹಿಂಗಂದಿ ನೋಡು!"

"ಇದು ಮೊಸರಲ್ಲ ರೀ!"

"ಮತ್ತ ನಿಮ್ಮ ಲ್ಯಾಬಿನ್ಯಾಗ ಏನ್ ಹಾಲು ಹಾಕಿ ಬೆಳಸ್ತಾರೇನ? ಅಲ್ಲೂ ನೀನs ಬೀಸಿದ ಹಿಟ್ಟು, ಇಲ್ಲೂ ನೀನs ಬೀಸಿದ ಹಿಟ್ಟು. ಪೀಪಾಯಿಯೊಳಗ ಕೆಡಲಾರದ್ದು ಗಡಿಗಿಯೊಳಗ ಹೆಂಗ ಕೆಡತೈತಿ?"

ಸಿಟ್ಟಿನಲ್ಲಿ ಆಡಿದ ಮಾತು. ಅವಳಿಗೆ ಜೀನು ಗೊತ್ತಿಲ್ಲ, ತಾನು ಏನು ಕೇಳಿದೆನೆಂಬುದೂ ಗೊತ್ತಿರಲಿಲ್ಲ. ಹುಲಿಗೆಮ್ಮ ಮಾತ್ರ ಹಿಟ್ಟಿನ ಮುಚ್ಚಳ ಒಡೆಯುತ್ತಿದ್ದ ಕೈಯನ್ನು ನಿಲ್ಲಿಸಿದಳು. ಮೂಗಿಗೆ ಆ ಸಿಹಿ ನಾತ ಬಡಿಯಿತು. ಒಡೆದ ಸಂದಿಯಿಂದ ಒಂದು ಹನಿಯನ್ನು ನಳಿಗೆಗೆ ಎಳೆದುಕೊಂಡಳು.

ಮರುದಿನ ಅದನ್ನು ಯಂತ್ರಕ್ಕಿಡುವ ಮೊದಲು ನದಾಫರಿಗೆ ಎಲ್ಲವನ್ನೂ ಹೇಳಿದಳು. ಗಡಿಗೆ, ತಂಬಿಗೆ, ಕರಿಬೇವಿನ ಗಿಡ, ಒಂದನ್ನೂ ಬಿಡಲಿಲ್ಲ. ಗಡಿಗೆಯ ಹನಿಯಲ್ಲಿ ದುಷ್ಟ ಜೀನು ಇತ್ತು, ಬದಲಾದ ಆ ಒಂದು ಮಾತೂ ಇತ್ತು.

"ಅಲ್ಲಿಗೆ ಗಡಿಗಿನs ಮೂಲ ಅಂತಾತಲ್ಲ ಸರ್."

"ಆಗಲಿಲ್ಲ. ನಿಮ್ಮ ಅತ್ತಿ ಕೇಳಿದ್ದು ಖರೇ ಪ್ರಶ್ನೆ. ಗಡಿಗಿಗೆ ಹೆಪ್ಪು ಹೋಗಿದ್ದು ನಮ್ಮ ಚೀಲದಿಂದ. ಚೀಲದೊಳಗs ಕೆಟ್ಟು ಹೋಗಿದ್ರ?"

ಹಬೆಯಲ್ಲಿ ಬೆಂದ ತಾಯಿ ಬಾಟಲಿ ಇನ್ನೂ ಕಸದ ಬುಟ್ಟಿಯಲ್ಲಿತ್ತು. ನದಾಫರು ಅದರ ತಳದ ಗಷ್ಟನ್ನು ಕೆರೆದು ಓದಿಸಿದರು. ದುಷ್ಟ ಜೀನಿನ ಚೂರು ಇತ್ತು. ಹುಲಿಗೆಮ್ಮ ಉಸಿರು ಬಿಟ್ಟಳು. ಅತ್ತೆ ಉಳಿದಳು ಎಂದುಕೊಂಡಳು. ಆದರೆ ನದಾಫರು ಅಡುಗೆಮನೆಯಿಂದ ಒಂದು ಚಿಟಿಕೆ ಹೊಸ ಗೊರಸಿನ ಹಿಟ್ಟು ತಂದು ಅದನ್ನೂ ಓದಿಸಿದರು. ಅದರಲ್ಲೂ ಇತ್ತು.

"ನೋಡ್ರಿ. ಬಾಟಲಿಯೊಳಗ ಹಿಟ್ಟೂ ಐತಿ, ಸಾಧುನೂ ಐತಿ. ಎರಡೂ ಕೂಡಿ ಬೆಂದು ಚೂರುಚೂರು ಆಗ್ಯಾವ. ಈ ಜೀನು ಹಿಟ್ಟಿನ್ಯಾಗ ಸತ್ತ ದುಷ್ಟಂದೋ, ಅದನ್ನ ನುಂಗಿದ ಸಾಧುನದ್ದೋ, ಬೇಯಿಸಿದ ಮ್ಯಾಲೆ ಹೇಳಾಕ ಬರೂದಿಲ್ಲ. ಜೀವಂತ ಇದ್ದಿದ್ರ ಒಂದು ತಾಸಿನ ಕೆಲಸ."

ಹಳೆಯ ಖಾಲಿ ಚೀಲವೊಂದಾದರೂ ಸಿಕ್ಕೀತೇ ಎಂದು ಊರೂರು ತಿರುಗಿದರು. ಆ ನಾತದ ಚೀಲವನ್ನು ಯಾರು ಇಟ್ಟುಕೊಳ್ಳುತ್ತಾರೆ? ಎಲ್ಲರೂ ಸುಟ್ಟಿದ್ದರು. ಲ್ಯಾಬಿನ ಚೀಲವನ್ನಷ್ಟೇ ಬಳಸಿದ ಹಿಂಡುಗಳಲ್ಲೂ ಅಲ್ಲೊಂದು ಇಲ್ಲೊಂದು ಕುಂಟು ಕಂಡಿತು. ಆದರೆ ಎಲ್ಲ ಹಿಂಡುಗಳೂ ನೀರು ಕುಡಿಯುವುದು ಕಾಲುವೆಯ ಒಂದೇ ಇಳಿಜಾರಿನಲ್ಲಿ, ಒಂದೇ ಕೆಸರು ತುಳಿದು. ಯಾರಿಂದ ಯಾರಿಗೆ ಬಂತು ಎನ್ನುವುದು ಹೇಗೆ? ಹೇಸಿಗೆ ಪಟ್ಟು ಪಟ್ಟು ಎಲ್ಲರೂ ಸೇರಿ ಸಾಕ್ಷಿಯನ್ನೇ ತೊಳೆದು ಹಾಕಿದ್ದರು.

ಮೇಲಿನ ಕಚೇರಿಯ ಸಾಹೇಬರಿಗೆ ಮಾತ್ರ ಇಷ್ಟೆಲ್ಲ ಗೊಂದಲ ಬೇಕಿರಲಿಲ್ಲ. ಊರ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿ, ಅತ್ತರು ಹಚ್ಚಿದ ಕರವಸ್ತ್ರವನ್ನು ಮೂಗಿನಿಂದ ಇಳಿಸದೆಯೇ ಮಾತಾಡಿದರು. ಇಲಾಖೆಯ ಚೀಲ ಶುದ್ಧ, ಮನೆಯ ಗಡಿಗೆ ಅಶುದ್ಧ. ಗಡಿಗೆಯ ಹೆಪ್ಪು ಹಾಕಿದ ಹಿಂಡುಗಳಿಗೆ ನಾಳೆಯಿಂದ ಕೆಂಪು ದೀಪ. ಉಳಿದವರು ನಿಶ್ಚಿಂತೆಯಿಂದ ಇರಬಹುದು. ಕಾಫಿ ಕೊಟ್ಟರೆ ಕುಡಿಯಲಿಲ್ಲ.

ಅಂದು ಸಂಜೆ ಹೊತ್ತು ಮುಳುಗುವ ಮೊದಲೇ ಹೆಂಗಸರು ಬಂದರು, ಅವೇ ತಂಬಿಗೆ ಹಿಡಿದು. ಮೊದಲು ನೀಲವ್ವ. ತನ್ನಲ್ಲಿ ಉಳಿದಿದ್ದ ಹೆಪ್ಪನ್ನು ಬಾಳವ್ವನ ಹೊಸ್ತಿಲ ಮೇಲೆ ಸುರಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಬೂದು ಲೋಳೆ ರಂಗೋಲಿಯ ಮೇಲೆ ಹರಿದು, ಕಟ್ಟೆ ಇಳಿದು, ಚಪ್ಪಲಿಗಳ ಅಡಿಗೆ ನುಗ್ಗಿತು. ನೊಣ ಮುತ್ತಿದವು.

"ಕೊಳಕ ಮುದುಕಿ, ನಮ್ಮ ಕುರಿ ತಿಂದಿ," ಎಂದಳು ಯಾರೋ ಹಿಂದಿನಿಂದ.

ಬಾಳವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಯಾವತ್ತೂ ಉತ್ತರ ಕೊಡದೆ ಬಿಟ್ಟವಳಲ್ಲ. ಅಂದು ಅವಳ ಬಾಯಿಂದ ಬಂದದ್ದು ಒಂದೇ ಮಾತು: "ನೀಲೀ, ಕಾಲಿಗೆ ಹತ್ತೈತಿ, ತೊಳ್ಕೊಂಡು ಹೋಗು."

ಹುಲಿಗೆಮ್ಮ ಅತ್ತೆಯನ್ನು ದಾಟಿ ಹೊರಗೆ ಬಂದಳು. ಕಾಲು ಆ ಲೋಳೆಯಲ್ಲಿ ಹೂತಿತು. ಬರಿಗಾಲು, ಬೆರಳ ಸಂದಿಯಲ್ಲಿ ತಣ್ಣಗೆ ಜಾರುವ ಅದು. ಅವಳು ಕಾಲು ತೆಗೆಯಲಿಲ್ಲ.

"ಆ ಹಿಟ್ಟು ತಂದಾಕಿ ನಾನು," ಎಂದಳು. "ಲ್ಯಾಬಿನ ಚೀಲಕ್ಕೂ ಅದs ಹಿಟ್ಟು ಹಾಕೀನಿ. ಎಲ್ಲಿ ಕೆಟ್ಟಿತು ಅಂತ ನನಗ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ, ಆ ಸಾಹೇಬರಿಗೂ ಗೊತ್ತಿಲ್ಲ. ಗೊತ್ತು ಮಾಡ್ಕೊಳ್ಳೋ ಬಾಟಲಿ ನಾನs ಬೇಯಿಸಿಬಿಟ್ಟೀನಿ. ಬೈಯೂದಿದ್ರ ನನಗ ಬೈರಿ."

ಬೈದರು. ಸಾಕಷ್ಟು ಬೈದರು. ಆದರೆ ಅವಳನ್ನು ಬೈಯುವಾಗ ಅವರ ದನಿಯಲ್ಲಿ ಮೊದಲಿನ ಹುರುಪು ಇರಲಿಲ್ಲ. ಚೀಲದ ಕುರಿಗೂ ಬಂದೀತೇ ಎಂಬ ಹೆದರಿಕೆ ನಡುವೆ ನುಸುಳಿತ್ತು.

ಮರುದಿನ ಬೆಳಿಗ್ಗೆ ಆದೇಶ ಯಂತ್ರದ ಪರದೆಯ ಮೇಲೆ ಬಂದು ಕುಳಿತಿತ್ತು. ಗಡಿಗೆಯ ಹಿಂಡುಗಳನ್ನು ಕೆಂಪು ಮಾಡಬೇಕು. ಮೊದಲ ಹೆಸರು ಮುದಕಪ್ಪ. ಅವನು ಬೆಳಗಾಗುವ ಮೊದಲೇ ಕುರಿ ಹೊಡೆದುಕೊಂಡು ಹೋಗಿದ್ದ. ಈಗ ಯಾರದೋ ಹೊಲದ ಬದುವಿನಲ್ಲಿ ನಿಂತು ಮುಂದಾಳು ಕುರಿಯ ಕಿವಿಯನ್ನೇ ನೋಡುತ್ತಿರಬಹುದು.

"ಅವನ್ನ ಕೆಂಪು ಮಾಡ್ತೀನಿ ಸರ್. ತಪ್ಪಲ್ಲ, ರೋಗ ಐತಿ," ಎಂದಳು ಹುಲಿಗೆಮ್ಮ. "ಆದ್ರ ಉಳಿದವು ಹಸರು ಅಂತ ಹೆಂಗ ಬಿಡೂದು? ಅವಕ್ಕ ನಮ್ಮ ಕಡೆ ಯಾವ ಬಣ್ಣ ಐತಿ?"

ನದಾಫರು ಪರದೆಯ ಮೇಲಿನ ಎರಡು ಗುಂಡಿಗಳನ್ನು ನೋಡಿದರು. ಯಂತ್ರ ಮಾಡಿದವರು ಎರಡೇ ಬಣ್ಣ ಇಟ್ಟಿದ್ದರು. ಗೊತ್ತಿಲ್ಲ ಎನ್ನುವುದಕ್ಕೆ ಬಣ್ಣವಿರಲಿಲ್ಲ.

"ಪೂರಾ ಆರಿಸಿದ್ರ ನನಗೂ ನಿಮಗೂ ನೋಟೀಸು ಬರತೈತಿ," ಎಂದರು ಬಹಳ ಮೆತ್ತಗೆ.

"ಬರ್ಲಿ ರೀ."

"ಹಂಗಾದ್ರ ಒತ್ರಿ." ದೀಪಗಳನ್ನೆಲ್ಲ ಆರಿಸುವ ಮುಖ್ಯ ಗುಂಡಿಯ ಕೀಲಿಯನ್ನು ಅವರೇ ತಿರುಗಿಸಿದರು. ಗುಂಡಿ ಒತ್ತಿದವಳು ಹುಲಿಗೆಮ್ಮ. ಸೀಮೆಯ ಉದ್ದಗಲಕ್ಕೆ, ಗುಡ್ಡದಲ್ಲಿ, ಬದುವಿನಲ್ಲಿ, ಕಾಲುವೆಯ ಇಳಿಜಾರಿನಲ್ಲಿ, ಕುರಿಗಳ ಕಿವಿಯ ದೀಪಗಳೆಲ್ಲ ಆರಿದವು.

ಆಮೇಲೆ ನೋಟೀಸು ಬಂತು. ರೈತರು ಹಿಂಡುಗಳನ್ನು ಹೊಲದ ಅಂಚಿನಲ್ಲೇ ತಡೆದರು. ದೀಪವಿಲ್ಲದ ಮೇಲೆ ಬೇರೆ ದಾರಿ ಏನು? ಒಂದೊಂದು ಕುರಿಯನ್ನೂ ಮಗುಚಿ, ನಾಲ್ಕೂ ಕಾಲು ಎತ್ತಿ, ಸಂದಿ ಬಿಡಿಸಿ, ಮೂಗಿಟ್ಟು ಮೂಸಿ ಒಳಗೆ ಬಿಡತೊಡಗಿದರು. ನಾತ ಬಂದರೆ ಹೊರಗೆ. ನೆನೆದರೇ ಹೇಸಿಗೆಯ ಕೆಲಸ. ಮೊದಮೊದಲು ಕೆಲವರು ಬದುವಿನಲ್ಲೇ ಕಕ್ಕಿದರು. ಮುದಕಪ್ಪನ ಹಿಂಡಿನಲ್ಲಿ ಅರ್ಧಕ್ಕೂ ಹೆಚ್ಚು ಕುರಿಗಳು ಹೀಗೆ ಹೊರಗೆ ಉಳಿದು ಕಸಾಯಿಖಾನೆಗೆ ಹೋದವು. ಉಳಿದವು ಬದುಕಿದವು.

ಅವುಗಳ ಗೊರಸು ಮೂಟೆಯಲ್ಲಿ ಅಡುಗೆಮನೆಗೇ ಬಂತು. ಹುಲಿಗೆಮ್ಮ ಬಿಚ್ಚಿದಾಗ ಮೇಲೆಯೇ ಇದ್ದ ಒಂದರ ಮೇಲೆ ಗಂಡ ಹಚ್ಚಿದ ನೀಲಿ ಗುರುತಿತ್ತು. ಬೀಸುವ ಯಂತ್ರ ಬಾಯಿ ತೆರೆದು ಕಾಯುತ್ತಿತ್ತು. ಅವಳು ಮೂಟೆಯ ಬಾಯಿ ಕಟ್ಟಿ, ಎಳೆದುಕೊಂಡು ಹೋಗಿ, ಶೆಡ್ಡಿನ ಹಿಂದಿನ ತಗ್ಗಿನಲ್ಲಿ ಬೂದಿಯಾಗುವ ತನಕ ಸುಟ್ಟಳು. ಗೊರಸಿಲ್ಲದೆ ಸಾಧುವನ್ನು ಬೆಳೆಸುವ ಬೇರೆ ಉಣಿಸು ಹುಡುಕುವ ತನಕ ಚೀಲ ಮಾಡುವುದಿಲ್ಲ ಎಂದು ನದಾಫರು ಮೇಲಕ್ಕೆ ಬರೆದರು. ಅಂಥ ಉಣಿಸು ಇನ್ನೂ ಸಿಕ್ಕಿಲ್ಲ.

ಬಾಳವ್ವ ಗಡಿಗೆಯನ್ನು ತಾನೇ ಅಗೆದು ತೆಗೆದು ಒಡೆದಳು. ಹೊಸ್ತಿಲನ್ನು ಎಷ್ಟು ಸಾರಿ ಸಾರಿಸಿದರೂ ಬಿಸಿಲೇರಿದಾಗ ಆ ಸಿಹಿ ನಾತ ಏಳುತ್ತದೆ. ಮನೆಯಲ್ಲಿ ಮೊಸರಿಗೆ ಈಗಲೂ ಅವಳೇ ಹೆಪ್ಪು ಹಾಕುತ್ತಾಳೆ, ಆದರೆ ಯಾರಿಗೂ ಬಡಿಸುವುದಿಲ್ಲ. ಬೇಕಾದವರು ಹಾಕಿಕೊಳ್ಳಲಿ ಎಂದು ಮೊಸರಿನ ಗಡಿಗೆಯನ್ನು ನಡುವೆ ಇಟ್ಟು ದೂರ ಕೂರುತ್ತಾಳೆ. ಒಂದು ದಿನ ಹುಲಿಗೆಮ್ಮ ತನ್ನ ತಟ್ಟೆಯನ್ನು ಅತ್ತೆಯ ಮುಂದೆ ಸರಿಸಿದಳು.

"ಹಾಕ್ರಿ."

"ವಾಂತಿ ಮಾಡ್ಕೋತಿ."

"ಮಾಡ್ಕೊಂಡ್ರ ನಾಯಿ ಐತಲ್ಲ."

ಬಾಳವ್ವ ಹಾಕಿದಳು. ಹುಲಿಗೆಮ್ಮ ತಿಂದಳು. ರುಚಿಯಾಗಿತ್ತು ಎಂದರೆ ಸುಳ್ಳಾದೀತು. ಕಷ್ಟಪಟ್ಟು ನುಂಗಿದಳು, ಅಷ್ಟೇ ನಿಜ.

ಆ ಜೀನು ಬಾಳವ್ವನ ಗಡಿಗೆಯಲ್ಲಿ ಸೇರಿತೋ, ಲ್ಯಾಬಿನ ಬಾಟಲಿಯಲ್ಲಿ ಸೇರಿತೋ, ಇಂದಿಗೂ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಉಳಿದಿಲ್ಲ.